ಕಾಳು ಕೊಟ್ಟವರು ನೆಲವನ್ನು ಕೇಳಿದರೇ?

ಬರಗಾಲದಲ್ಲಿ ಹಸಿದವನಿಗೆ ಕಾಳು ಕೊಡಬೇಕು ಎಂಬುದರಲ್ಲಿ ಯಾರದೂ ತಕರಾರಿಲ್ಲ. ಆದರೆ ಆ ಕಾಳಿಗೆ ಪ್ರತಿಯಾಗಿ ಅವನಿಂದ ಕೆರೆ ತೋಡಿಸುವಾಗ, ಹೊಲಕ್ಕೆ ಬದು ಹಾಕಿಸುವಾಗ, ಗುಡ್ಡದ ಮೇಲೆ ಸಸಿ ನೆಡಿಸುವಾಗ ಇನ್ನೊಂದು ಪ್ರಶ್ನೆ ಹುಟ್ಟಿಕೊಳ್ಳುತ್ತದೆ. ಈ ಕೆಲಸದಿಂದ ನೆಲಕ್ಕೆ ಏನಾಗುತ್ತದೆ? ನೀರಿಗೆ ಏನಾಗುತ್ತದೆ? ಪಕ್ಕದಲ್ಲೇ ವಾಸವಾಗಿರುವ ಮಕ್ಕಳಿಗೆ ಏನಾಗುತ್ತದೆ?

‘ಪರಿಸರ ನಿಯಮ ಪಾಲನೆ’ ಎಂಬ ಮಾತು ಕೇಳಿದೊಡನೆ ನಮಗೆ ನೆನಪಾಗುವುದು ಕಾರ್ಖಾನೆಯ ಹೊಗೆ, ಗಣಿಯ ಕೆಂಧೂಳು, ನದಿಗೆ ಬಿಟ್ಟ ಬಣ್ಣದ ನೀರು. ಬಡವರ ಅನ್ನದ ಯೋಜನೆಗೂ ಇಂಥದೊಂದು ನಿಯಮ ಬೇಕೇ ಎಂದು ಹುಬ್ಬೇರಿಸುವವರು ಇದ್ದಾರೆ. ಹೊಟ್ಟೆ ತುಂಬಿದವರು ಹಸಿದವರ ಮೇಲೆ ಹೇರಿದ ಕಾಗದ ಪತ್ರಗಳ ಹೊರೆ ಅದು ಎಂಬುದು ಅವರ ವಾದ. ಈ ವಾದಕ್ಕೆ ಉತ್ತರವನ್ನು ನಾವು ತತ್ವದಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಒಳ್ಳೆಯದು. ಅದಕ್ಕೆ ಇಥಿಯೋಪಿಯದಷ್ಟು ತಕ್ಕ ದೇಶ ಬೇರೊಂದಿಲ್ಲ. ಐದು ದಶಕಗಳಲ್ಲಿ ಆ ದೇಶ ಕಾಳು ಪಡೆದು ನೆಲ ಅಗೆದಿದೆ, ಅಗೆದದ್ದರ ಫಲವನ್ನೂ ಉಂಡಿದೆ.

ಈ ನಾಡು ಕನ್ನಡಿಗರಿಗೆ ಪೂರ್ತಿ ಅಪರಿಚಿತವೇನಲ್ಲ. ಉರ್ದು ಬಲ್ಲವರು ಅದನ್ನು ಹಬಶಾ ಎನ್ನುತ್ತಾರೆ. ದಖ್ಖನಿನ ಚರಿತ್ರೆಯಲ್ಲಿ ‘ಹಬ್ಶಿ’ಗಳೆಂದು ಹೆಸರಾದವರ ಮೂಲ ಅದೇ. ಅಹ್ಮದ್‌ನಗರದ ಮಲಿಕ್ ಅಂಬರ್ ಅಲ್ಲಿ ಹುಟ್ಟಿದವನು. ವಿಜಾಪುರದ ಆದಿಲ್‌ಶಾಹಿಗಳ ದರಬಾರಿನಲ್ಲಿ ದೊಡ್ಡ ಅಧಿಕಾರಕ್ಕೇರಿದ ಇಖ್ಲಾಸ್ ಖಾನ್ ಕೂಡ ಹಬ್ಶಿಯೇ. ಆದರೆ ಈ ಕಾಲದವರಿಗೆ ಇಥಿಯೋಪಿಯ ಎಂದರೆ ಎಲುಬು ಎದ್ದು ಕಾಣುವ ಮಕ್ಕಳ ಚಿತ್ರ. ಅದರ ಹಿಂದೆ ಇರುವ ಕಥೆ ಮಾತ್ರ ಅಷ್ಟಾಗಿ ನಮಗೆ ತಲುಪಿಲ್ಲ.

ಮೂರು ಕಿಲೋ ಗೋಧಿ

1973ರಲ್ಲಿ ಉತ್ತರದ ವೊಲ್ಲೊ ಪ್ರಾಂತ್ಯದಲ್ಲಿ ಭೀಕರ ಬರ ಬಿತ್ತು. ಚಕ್ರವರ್ತಿ ಹೈಲೆ ಸೆಲಾಸಿಯ ಸರಕಾರ ಅದನ್ನು ಮುಚ್ಚಿಡಲು ನೋಡಿತು. ಅದೇ ವರ್ಷದ ಅಕ್ಟೋಬರದಲ್ಲಿ ಬ್ರಿಟಿಷ್ ದೂರದರ್ಶನದಲ್ಲಿ ಪ್ರಸಾರವಾದ ಚಿತ್ರ ಆ ಮುಸುಕನ್ನು ಸರಿಸಿತು. ಮರುವರ್ಷ ಸೆಪ್ಟೆಂಬರದಲ್ಲಿ ಚಕ್ರವರ್ತಿ ಪದಚ್ಯುತನಾದ. ಅಧಿಕಾರ ಹಿಡಿದ ಸೈನಿಕ ಮಂಡಳಿಯ ಹೆಸರು ದೆರ್ಗ್. 1975ರಲ್ಲಿ ಅದು ಗ್ರಾಮೀಣ ಭೂಮಿಯನ್ನೆಲ್ಲ ಸರಕಾರದ ವಶಕ್ಕೆ ತಂದು, ಊರೂರಲ್ಲಿ ರೈತ ಸಂಘಗಳನ್ನು ಕಟ್ಟಿತು.

ಹಸಿವಿಗೆ ಮೂಲ ಮಣ್ಣಿನ ಸವಕಳಿ ಎಂಬ ಮಾತು ಆಗ ತಜ್ಞರ ನಡುವೆ ಬಲವಾಗಿತ್ತು. ಮಣ್ಣು ಕೊಚ್ಚಿ ಹೋಗುತ್ತಿದೆ, ಬೆಟ್ಟ ಬೋಳಾಗಿದೆ, ಆದ್ದರಿಂದ ಬದು ಹಾಕಬೇಕು, ಗಿಡ ನೆಡಬೇಕು. ಇದು ಸುಳ್ಳೇನಲ್ಲ. 1980ರಿಂದ ವಿಶ್ವ ಆಹಾರ ಕಾರ್ಯಕ್ರಮದ ನೆರವಿನಲ್ಲಿ ಬೃಹತ್ ಯೋಜನೆಯೊಂದು ಶುರುವಾಯಿತು. ಆಫ್ರಿಕದಲ್ಲೇ ಅಷ್ಟು ದೊಡ್ಡ ‘ಕೂಲಿಗಾಗಿ ಕಾಳು’ ಯೋಜನೆ ಇರಲಿಲ್ಲ. ಒಂದು ದಿನದ ದುಡಿಮೆಗೆ 3 ಕಿಲೋ ಗೋಧಿ, 120 ಗ್ರಾಂ ಎಣ್ಣೆ. ನಮ್ಮಲ್ಲೂ 1977ರಲ್ಲಿ ಇದೇ ಬಗೆಯ ಯೋಜನೆ ಬಂದಿತ್ತಾದ್ದರಿಂದ ಆ ಹೆಸರು ಹಳ್ಳಿಯ ಹಿರಿಯರಿಗೆ ಹೊಸದಲ್ಲ.

1984ರಲ್ಲಿ ಮತ್ತೆ ಬರ ಬಂತು. ಕೊರೆಮ್ ಎಂಬಲ್ಲಿನ ಶಿಬಿರದಿಂದ ಬಿಬಿಸಿ ಪ್ರಸಾರ ಮಾಡಿದ ವರದಿ ಜಗತ್ತನ್ನು ಅಲುಗಾಡಿಸಿತು. ಆ ದೃಶ್ಯಗಳನ್ನು ಸೆರೆಹಿಡಿದವರು ನೈರೋಬಿಯಲ್ಲಿ ಹುಟ್ಟಿದ, ಪಂಜಾಬಿ ಮೂಲದ ಮೊಹಮ್ಮದ್ ಅಮೀನ್. ಮುಂದೆ 1991ರಲ್ಲಿ ಆದಿಸ್ ಅಬಾಬಾದ ಮದ್ದುಗುಂಡಿನ ದಾಸ್ತಾನು ಸ್ಫೋಟಿಸಿದಾಗ ಅವರು ಒಂದು ತೋಳು ಕಳೆದುಕೊಂಡರು. 1996ರಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯದ ವಿಮಾನ ಕೊಮೊರೊಸ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಾಗ ತೀರಿಕೊಂಡರು. ಅವರ ಕ್ಯಾಮೆರಾ ತೋರಿಸಿದ್ದರ ಫಲವಾಗಿ ಹಡಗು ಹಡಗು ಧಾನ್ಯ ಹರಿದು ಬಂತು. ಲಕ್ಷಾಂತರ ಜೀವಗಳು ಅದಾಗಲೇ ಹೋಗಿದ್ದವು. ಉಳಿದವರು ಧಾನ್ಯಕ್ಕಾಗಿ ಗುದ್ದಲಿ ಹಿಡಿದರು.

ಬದುಗಳು ಎದ್ದವು, ಬೆಟ್ಟಗಳಿಗೆ ಮೆಟ್ಟಿಲು ಕಡಿದರು, ಕೋಟಿಗಟ್ಟಲೆ ಸಸಿ ನೆಟ್ಟರು. ಅವುಗಳಲ್ಲಿ ನೀಲಗಿರಿಯೇ ಬಹಳ. ಆದರೆ ಎಲ್ಲಿ, ಹೇಗೆ ಎಂಬುದನ್ನು ತೀರ್ಮಾನಿಸಿದ್ದು ರಾಜಧಾನಿ. ಮಳೆ ಕಡಿಮೆ ಇರುವ ಕಡೆ ನೀರು ತಡೆಯಲು ರೂಪಿಸಿದ ಬದುವನ್ನೇ ಮಳೆ ಹೆಚ್ಚಿರುವ ಕಡೆಯೂ ಹಾಕಿಸಿದರು. ಅಲ್ಲಿ ನೀರು ನಿಂತು ಪೈರು ಕೊಳೆಯಿತು. ಕಲ್ಲಿನ ಬದುವಿನ ಸಂದಿಯಲ್ಲಿ ಇಲಿಗಳು ಮನೆ ಮಾಡಿದವು. ಚಿಕ್ಕ ಹಿಡುವಳಿಯಲ್ಲಿ ಬದುವಿಗೇ ಒಂದಷ್ಟು ನೆಲ ಹೋಯಿತು; ಎತ್ತು ಕಟ್ಟಿ ನೇಗಿಲು ತಿರುಗಿಸಲು ಜಾಗ ಸಾಲಲಿಲ್ಲ. ಮೇಯುವ ಗುಡ್ಡಗಳಿಗೆ ಪಹರೆ ಬಿತ್ತು.

ಇದೆಲ್ಲ ಆ ರೈತನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಸಂಜೆ ಮೂರು ಕಿಲೋ ಗೋಧಿ ಮನೆಗೆ ಹೋಗಬೇಕಾದವನು ಬೆಳಿಗ್ಗೆ ಮೇಸ್ತ್ರಿಯ ಮುಂದೆ ನಿಂತು ‘ಈ ಬದು ಇಲ್ಲಿ ಬೇಡ’ ಎನ್ನಲಾರ. ಹಸಿವು ಮೊದಲು ಕಿತ್ತುಕೊಳ್ಳುವುದು ಬಾಯಿಯ ಮಾತನ್ನು. ಮುಂದೆ ನಾವು ಹೇಳಲಿರುವ ನಿಯಮಗಳ ಅಗತ್ಯವೆಲ್ಲ ಇರುವುದು ಈ ಒಂದು ಸತ್ಯದಲ್ಲಿ.

ಆ ಮೌನ ಒಡೆದದ್ದು 1991ರ ಆಸುಪಾಸಿನಲ್ಲಿ, ದೆರ್ಗ್ ಕುಸಿದು ಅದರ ಮುಖಂಡ ಮೆಂಗಿಸ್ತು ದೇಶ ಬಿಟ್ಟು ಓಡಿಹೋದಾಗ. ಅನೇಕ ಕಡೆ ಜನ ತಾವೇ ಕಟ್ಟಿದ ಬದುಗಳನ್ನು ಒಡೆದರು, ತಾವೇ ನೆಟ್ಟ ತೋಪುಗಳನ್ನು ಕಡಿದರು. ಹೊರಗಿನಿಂದ ನೋಡಿದವರಿಗೆ ಇದು ಅಜ್ಞಾನವಾಗಿ ಕಂಡಿರಬಹುದು. ನಮಗೆ ಇದು ಹತ್ತು ವರ್ಷ ತಡವಾಗಿ ಬಂದ ಉತ್ತರವೆನಿಸುತ್ತದೆ. ಕೇಳಬೇಕಾದಾಗ ಕೇಳದಿದ್ದ ಪ್ರಶ್ನೆಗೆ ಜನ ಗುದ್ದಲಿಯಿಂದಲೇ ಉತ್ತರ ಬರೆದರು.

ಬೇಲಿಯೇ ಹೊಲ ಮೇಯ್ದಾಗ

ಬದುವನ್ನಾದರೂ ಒಡೆಯಬಹುದು. ಒಡೆಯಲಾಗದ ತಪ್ಪುಗಳೂ ಇವೆ. ಪೂರ್ವದ ಅಫಾರ್ ಪ್ರದೇಶ ಅಂಥ ಒಂದನ್ನು ಇಂದಿಗೂ ಅನುಭವಿಸುತ್ತಿದೆ. ಅಲ್ಲಿಯ ಜನ ದನ, ಒಂಟೆ, ಆಡು ಮೇಯಿಸುವವರು, ಬಹುತೇಕ ಮುಸ್ಲಿಮರು. ಅವಾಶ್ ನದಿಯ ದಂಡೆಯ ಹುಲ್ಲುಗಾವಲು ಅವರ ಬೇಸಗೆಯ ಆಸರೆ. 1970ರ ದಶಕದ ಕೊನೆ ಮತ್ತು 80ರ ದಶಕದಲ್ಲಿ ಅಲ್ಲಿಗೆ ಹೊರನಾಡಿನ ಗಿಡವೊಂದನ್ನು ತಂದು ನೆಟ್ಟರು. ನೆರಳಿಗೆ, ಗಾಳಿ ತಡೆಯಲು, ಮಣ್ಣು ಹಿಡಿಯಲು ಎಂಬುದು ಉದ್ದೇಶ. ಕೂಲಿಗಾಗಿ ಕಾಳು ಕೆಲಸದಡಿಯಲ್ಲೂ ಅದನ್ನು ನೆಡಿಸಿದರು.

ಆ ಗಿಡದ ಹೆಸರು ಪ್ರೊಸೊಪಿಸ್ ಜೂಲಿಫ್ಲೋರಾ. ನಮ್ಮ ಓದುಗರಿಗೆ ಇಷ್ಟು ಹೇಳಿದರೆ ತಿಳಿಯಲಿಕ್ಕಿಲ್ಲ. ಬಳ್ಳಾರಿ ಜಾಲಿ ಎಂದರೆ ತಟ್ಟನೆ ತಿಳಿಯುತ್ತದೆ. ಕೆರೆಯಂಗಳ, ಗೋಮಾಳ, ಬೀಳು ಹೊಲ ಎಲ್ಲವನ್ನೂ ಅದು ಹೇಗೆ ನುಂಗುತ್ತದೆ ಎಂಬುದನ್ನು ಬಯಲುಸೀಮೆಯವರಿಗೆ ನಾವು ವಿವರಿಸಬೇಕಿಲ್ಲ. ಅಫಾರದಲ್ಲೂ ಅದೇ ಆಯಿತು. ದನ ಅದರ ಕಾಯಿ ತಿಂದವು, ಸಗಣಿಯ ಜತೆ ಬೀಜ ಎಲ್ಲೆಡೆ ಬಿತ್ತು. ಮುಳ್ಳಿನ ಗೋಡೆ ಎದ್ದು ದನ ನದಿಗೆ ಹೋಗುವ ದಾರಿಯೇ ಮುಚ್ಚಿತು. ಕೆಲವೇ ದಶಕಗಳಲ್ಲಿ ಹತ್ತು ಲಕ್ಷ ಹೆಕ್ಟೇರಿಗಿಂತ ಹೆಚ್ಚು ನೆಲಕ್ಕೆ ಅದು ವ್ಯಾಪಿಸಿತು. ಅಫಾರ್ ಜನ ಅದನ್ನು ‘ದೆರ್ಗಿ ಹಾರಾ’ ಎಂದು ಕರೆದರು. ದೆರ್ಗ್ ಸರಕಾರದ ಮರ ಎಂದು ಅದರರ್ಥ. ಯಾರು ತಂದರೆಂಬುದನ್ನು ಅವರು ಮರೆತಿಲ್ಲ ಎಂದಾಯಿತು.

ಹೊಲ ಕಾಯಲಿಕ್ಕೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಈ ಗಿಡ ಎಷ್ಟು ಬೇಗ ಹಬ್ಬೀತು, ದನದ ಹೊಟ್ಟೆಗೆ ಹೋದರೆ ಏನಾದೀತು, ಬೇಡವಾದರೆ ಕೀಳಲು ಸಾಧ್ಯವೇ ಎಂದು ನೆಡುವ ಮೊದಲು ಕೇಳಿದ್ದರೆ ಉತ್ತರ ಸಿಗದೆ ಇರುತ್ತಿರಲಿಲ್ಲ. ನಮ್ಮ ನಾಡಿನಲ್ಲೇ ಉತ್ತರ ಕಣ್ಣಿಗೆ ರಾಚುವಂತೆ ನಿಂತಿತ್ತು.

ನೀರು ಬಂತು, ಜ್ವರವೂ ಬಂತು

1990ರ ದಶಕದಲ್ಲಿ ಕಾಲ ಬದಲಾಗಿತ್ತು. ಹೊಸ ಸರಕಾರ, ಹೊಸ ಹುಮ್ಮಸ್ಸು. ಉತ್ತರದ ತಿಗ್ರೈ ಪ್ರದೇಶ ಹತ್ತು ವರ್ಷದಲ್ಲಿ 500 ಸಣ್ಣ ಅಣೆಕಟ್ಟು ಕಟ್ಟುವ ಯೋಜನೆ ಹಾಕಿತು. ಬರಕ್ಕೆ ಬೆದರಿದ ನಾಡಿಗೆ ನೀರು ನಿಲ್ಲಿಸುವುದಕ್ಕಿಂತ ದೊಡ್ಡ ಕೆಲಸ ಯಾವುದು? ಕಟ್ಟಲು ಆದದ್ದು ಅದರ ಚಿಕ್ಕ ಭಾಗ ಮಾತ್ರ. ಕಟ್ಟಿದವುಗಳಲ್ಲಿ ಕೆಲವಕ್ಕೆ ಹೂಳು ತುಂಬಿತು, ಕೆಲವು ಸೋರಿದವು. ಆದರೂ ನೀರು ನಿಂತ ಕಡೆ ಹಸಿರು ಕಂಡಿತು.

ಆ ನೀರಿನ ಪಕ್ಕದಲ್ಲಿ ಇನ್ನೊಂದೂ ಬೆಳೆಯಿತು. 1999ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಣೆಕಟ್ಟಿನಿಂದ 3 ಕಿಲೋಮೀಟರಿನೊಳಗಿನ ಹಳ್ಳಿಗಳ ಮಕ್ಕಳನ್ನು, ಎಂಟು ಹತ್ತು ಕಿಲೋಮೀಟರು ದೂರದ ಹಳ್ಳಿಗಳ ಮಕ್ಕಳೊಂದಿಗೆ ಹೋಲಿಸಿದ್ದರು. ಸಾವಿರ ಮಕ್ಕಳನ್ನು ಒಂದು ತಿಂಗಳು ಗಮನಿಸಿದ ಲೆಕ್ಕದಲ್ಲಿ, ಹತ್ತಿರದ ಹಳ್ಳಿಗಳಲ್ಲಿ 14 ಮಲೇರಿಯಾ ಪ್ರಕರಣ, ದೂರದಲ್ಲಿ 1.9. ಅಂದರೆ ಏಳು ಪಟ್ಟು ಹೆಚ್ಚು. ಆ ಅಧ್ಯಯನದ ಮೊದಲ ಲೇಖಕ ಟೆಡ್ರೋಸ್ ಅಧಾನೋಮ್ ಘೆಬ್ರೆಯೇಸಸ್. ಕೋವಿಡ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾಗಿ ದಿನವೂ ನಾವು ದೂರದರ್ಶನದಲ್ಲಿ ಕಂಡವರು ಇವರೇ.

ಅಣೆಕಟ್ಟು ಕಟ್ಟಬಾರದಿತ್ತು ಎಂದು ಈ ಅಧ್ಯಯನ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹಸಿವು ಮಲೇರಿಯಾಕ್ಕಿಂತ ಸಣ್ಣ ರೋಗವಲ್ಲ. ಆದರೆ ನೀರು ನಿಲ್ಲಿಸುವವರು ಸೊಳ್ಳೆಯ ಬಗ್ಗೆಯೂ ಯೋಚಿಸಬೇಕು, ಆರೋಗ್ಯ ಇಲಾಖೆಯನ್ನು ಮೊದಲೇ ಜತೆಗೆ ಕರೆದುಕೊಳ್ಳಬೇಕು. ಬೆಳೆದ ಕಾಳನ್ನು ಉಣ್ಣಬೇಕಾದ ಮಗು ಜ್ವರದಲ್ಲಿ ನಡುಗುತ್ತಿದ್ದರೆ ಆಹಾರ ಭದ್ರತೆ ಎಂಬ ಮಾತಿಗೆ ಏನು ಅರ್ಥ?

ಒಂದು ನಿಯಮದ ಹುಟ್ಟು

ನೆರವು ನೀಡುವವರೂ ಉತ್ತರ ಹೇಳಬೇಕು ಎಂಬ ನಿಯಮ ತಾನಾಗಿ ಹುಟ್ಟಲಿಲ್ಲ. ಅದರ ಹಿಂದೆ ನ್ಯಾಯಾಲಯದ ಕಟ್ಟೆಯಿದೆ. ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಬಡ ದೇಶಗಳಿಗೆ ಕೀಟನಾಶಕ ಕೊಳ್ಳಲು ಹಣ ನೀಡುತ್ತಿತ್ತು. ಅಮೆರಿಕದೊಳಗೆ ಪಾಲಿಸುವ ಪರಿಸರ ಕಾನೂನನ್ನು ಹೊರದೇಶದಲ್ಲಿ ಏಕೆ ಪಾಲಿಸುವುದಿಲ್ಲ ಎಂದು ಅಲ್ಲಿಯದೇ ಪರಿಸರ ಸಂಘಟನೆಗಳು 1975ರಲ್ಲಿ ದಾವೆ ಹೂಡಿದವು. ಆ ವರ್ಷದ ಕೊನೆಯಲ್ಲಿ ರಾಜಿಯಾಯಿತು. 1976ರ ಮಧ್ಯಭಾಗದಲ್ಲಿ ನಿಯಮ ಹೊರಬಿತ್ತು. ‘ನಿಯಮ 216’ ಎಂದೇ ಅದು ಪ್ರಸಿದ್ಧ. ಯಾವುದೇ ಯೋಜನೆಗೆ ಹಣ ಬಿಡುವ ಮೊದಲು ಅದರಿಂದ ಪರಿಸರಕ್ಕೆ ಏನಾದೀತೆಂದು ಪ್ರಾಥಮಿಕ ತಪಾಸಣೆ ಮಾಡಬೇಕು ಎಂಬುದು ಅದರ ಸಾರ.

ನಿಯಮದ ಶಾಯಿ ಒಣಗುವ ಹೊತ್ತಿಗೇ ಅದು ಏಕೆ ಬೇಕೆಂಬುದಕ್ಕೆ ಪಾಕಿಸ್ತಾನದಲ್ಲಿ ಸಾಕ್ಷಿ ಸಿಕ್ಕಿತು. 1976ರ ಬೇಸಗೆಯಲ್ಲಿ ಅಲ್ಲಿ ಮಲೇರಿಯಾ ನಿವಾರಣೆಗೆ ಮಲಾಥಿಯಾನ್ ಸಿಂಪಡಿಸುತ್ತಿದ್ದ ಸುಮಾರು 7,500 ಮಂದಿಯಲ್ಲಿ 2,800ರಷ್ಟು ಜನ ವಿಷಬಾಧೆಗೊಳಗಾದರು ಎಂಬ ಅಂದಾಜಿದೆ. ಐವರು ಸತ್ತರು. ದಾಸ್ತಾನಿನಲ್ಲಿ ಕೆಟ್ಟು ಹೆಚ್ಚು ವಿಷವಾಗಿ ಮಾರ್ಪಟ್ಟಿದ್ದ ಔಷಧ, ಬರಿಗೈಯಲ್ಲಿ ಅದನ್ನು ಕಲಸಿ ಹೊಡೆಯುತ್ತಿದ್ದ ಕೂಲಿಗಳು. ನಮ್ಮ ಹೊಲಗಳಲ್ಲಿ ಔಷಧ ಹೊಡೆಯುವವರ ಸ್ಥಿತಿ ಬಲ್ಲವರಿಗೆ ಆ ದೃಶ್ಯ ಕಲ್ಪಿಸಿಕೊಳ್ಳಲು ಕಷ್ಟವಾಗಲಿಕ್ಕಿಲ್ಲ.

ಹೀಗೆ ಹುಟ್ಟಿದ ನಿಯಮ ಆಹಾರ ನೆರವಿನ ಅಭಿವೃದ್ಧಿ ಕಾರ್ಯಕ್ರಮಗಳಿಗೆ ಬಿಗಿಯಾಗಿ ಅನ್ವಯವಾದದ್ದು 1990ರ ದಶಕದ ಉತ್ತರಾರ್ಧದಲ್ಲಿ. ಕಾಳು ಹಂಚುವುದರಲ್ಲಿ ಪರಿಸರದ ಮಾತೇನು ಎಂಬ ಭಾವನೆ ಅಲ್ಲಿಯ ತನಕ ಇತ್ತು.

‘ತುರ್ತು’ ಎಂಬ ಶಬ್ದ

ಆ ನಿಯಮದಲ್ಲಿ ಒಂದು ವಿನಾಯಿತಿ ಇತ್ತು. ತುರ್ತು ಪರಿಹಾರಕ್ಕೆ ತಪಾಸಣೆ ಬೇಕಿಲ್ಲ. ಇದು ನ್ಯಾಯವೇ. ಮನೆಗೆ ಬೆಂಕಿ ಬಿದ್ದಾಗ ನೀರಿನ ಗುಣಮಟ್ಟ ಪರೀಕ್ಷಿಸುತ್ತ ಕೂರಲಾಗದು. ಆದರೆ ಇಥಿಯೋಪಿಯದಲ್ಲಿ ಈ ‘ತುರ್ತು’ ಎಂಬುದು ವರ್ಷದಿಂದ ವರ್ಷಕ್ಕೆ ನಡೆಯಿತು. ಪ್ರತಿ ವರ್ಷ ಸರಕಾರ ಜಗತ್ತಿಗೆ ಮೊರೆಯಿಡುತ್ತಿತ್ತು, ಪ್ರತಿ ವರ್ಷ ಧಾನ್ಯ ಬರುತ್ತಿತ್ತು. 1993ರ ರಾಷ್ಟ್ರೀಯ ನೀತಿಯ ಪ್ರಕಾರ ಮೈಯಲ್ಲಿ ಶಕ್ತಿಯಿರುವವರು ದುಡಿಯದೆ ನೆರವಿನ ಧಾನ್ಯ ಪಡೆಯುವಂತಿರಲಿಲ್ಲ. ಹಾಗಾಗಿ ತುರ್ತಿನ ಹೆಸರಿನಲ್ಲಿ ಬಂದ ಧಾನ್ಯದಿಂದಲೇ ರಸ್ತೆ, ಕೆರೆ, ಬದುಗಳ ಕೆಲಸ. ಧಾನ್ಯ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದ ಕೂಡಲೇ ಏನಾದರೂ ಕೆಲಸ ತೋರಿಸಬೇಕು. ಯೋಜನೆಗೆ ಸಮಯವಿಲ್ಲ, ಸಲಕರಣೆ ಸಾಲದು, ನೋಡಿಕೊಳ್ಳುವ ತಂತ್ರಜ್ಞರಿಲ್ಲ. ಹಸಿವು ಕಾಯಂ ಆಗಿತ್ತು, ಪರಿಹಾರ ಮಾತ್ರ ತಾತ್ಕಾಲಿಕವಾಗಿಯೇ ಉಳಿಯಿತು.

2002-03ರ ಬರದಲ್ಲಿ ಸುಮಾರು 1 ಕೋಟಿ 30 ಲಕ್ಷ ಜನರಿಗೆ ನೆರವು ಬೇಕಾದಾಗ ಸರಕಾರವೂ ನೆರವಿನ ದೇಶಗಳೂ ಕುಳಿತು ಆಲೋಚಿಸಿದವು. 2005ರಲ್ಲಿ ‘ಉತ್ಪಾದಕ ಸುರಕ್ಷಾ ಜಾಲ ಕಾರ್ಯಕ್ರಮ’ ಆರಂಭವಾಯಿತು. ಭಾರತದ ಸಂಸತ್ತು ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯನ್ನು ಅಂಗೀಕರಿಸಿದ್ದೂ ಅದೇ ವರ್ಷ. ಇಥಿಯೋಪಿಯದಲ್ಲಿ ಮೊದಲಿಗೆ ಸುಮಾರು 50 ಲಕ್ಷ, ಮುಂದೆ 70 ಲಕ್ಷಕ್ಕೂ ಹೆಚ್ಚು ಜನ ಇದರ ವ್ಯಾಪ್ತಿಗೆ ಬಂದರು. ದುಡಿಯಬಲ್ಲ ಮನೆಗಳಿಗೆ ಬೇಸಾಯದ ಬಿಡುವಿನ ತಿಂಗಳುಗಳಲ್ಲಿ ಸಾರ್ವಜನಿಕ ಕೆಲಸ. ಆರಂಭದಲ್ಲಿ ಕೂಲಿ ದಿನಕ್ಕೆ 6 ಬಿರ್ ಅಥವಾ 3 ಕಿಲೋ ಧಾನ್ಯ. ವೃದ್ಧರು, ರೋಗಿಗಳು, ದುಡಿಯುವವರಿಲ್ಲದ ಮನೆಗಳಿಗೆ ಕೆಲಸವಿಲ್ಲದೆಯೇ ನೆರವು.

ಮುಂದಿನ ವರ್ಷ ಏನು ಬರುತ್ತದೆಂದು ಈ ವರ್ಷವೇ ತಿಳಿದಾಗ ಪ್ರಶ್ನೆ ಕೇಳಲು ಸಮಯ ಸಿಗುತ್ತದೆ. ಇಥಿಯೋಪಿಯ 2002ರಲ್ಲೇ ಪರಿಸರ ಪರಿಣಾಮ ಅಂದಾಜಿನ ಕಾನೂನು ಮಾಡಿತ್ತು. ಹೊಸ ಕಾರ್ಯಕ್ರಮಕ್ಕೆ ತಕ್ಕಂತೆ ಒಂದು ತಪಾಸಣಾ ಪದ್ಧತಿಯನ್ನೂ ರೂಪಿಸಿದರು.

ನಮೂನೆ ತುಂಬುವ ಕೈ

ಈ ಪದ್ಧತಿ ಹೇಳಲಿಕ್ಕೆ ಸರಳ. ಕೆಬೆಲೆ ಎಂದರೆ ಅಲ್ಲಿಯ ಗ್ರಾಮಮಟ್ಟದ ಆಡಳಿತ. ಊರವರು ಕೂಡಿ ಬೇಕಾದ ಕೆಲಸಗಳ ಪಟ್ಟಿ ಮಾಡುತ್ತಾರೆ. ಅಲ್ಲಿಯ ಕೃಷಿ ಕಾರ್ಯಕರ್ತ ಒಂದೊಂದು ಕೆಲಸಕ್ಕೂ ಒಂದು ನಮೂನೆ ತುಂಬುತ್ತಾನೆ. ವೊರೆಡಾದ, ಅಂದರೆ ತಾಲೂಕಿನ ಪರಿಣತರು ಅದನ್ನು ನೋಡುತ್ತಾರೆ. ಸಣ್ಣ ತೊಂದರೆಗಳಿದ್ದರೆ ವಿನ್ಯಾಸ ತಿದ್ದಿ ಒಪ್ಪುತ್ತಾರೆ. ಗಂಭೀರವಾದವು ಪ್ರಾಂತ್ಯದ ಪರಿಸರ ಪ್ರಾಧಿಕಾರಕ್ಕೆ ಹೋಗುತ್ತವೆ. ಜನರನ್ನು ಒಕ್ಕಲೆಬ್ಬಿಸುವ ಕೆಲಸಗಳಿಗೆ ಕಾರ್ಯಕ್ರಮದಲ್ಲಿ ಜಾಗವಿಲ್ಲ.

ನಮೂನೆಯಲ್ಲಿನ ಪ್ರಶ್ನೆಗಳನ್ನು ಹಳ್ಳಿಯ ಮಾತಿಗೆ ತಂದರೆ ಹೀಗಿರುತ್ತವೆ. ಕೆರೆ ತೋಡುವುದಾದರೆ ಮನೆಗಳಿಂದ ಎಷ್ಟು ದೂರ, ಮಕ್ಕಳು ಬೀಳದಂತೆ ಬೇಲಿಯುಂಟೇ? ರಸ್ತೆಯಾದರೆ ಮೋರಿ ಎಲ್ಲಿ, ಅದರ ನೀರು ಯಾರ ಹೊಲ ಕೊರೆಯುತ್ತದೆ? ಗುಡ್ಡಕ್ಕೆ ಬೇಲಿ ಹಾಕಿ ಮೇವು ನಿಲ್ಲಿಸುವುದಾದರೆ ಅಲ್ಲಿಗೆ ಬರುತ್ತಿದ್ದ ದನ ಎಲ್ಲಿಗೆ ಹೋಗಬೇಕು, ಸೌದೆ ಆರಿಸುತ್ತಿದ್ದ ಹೆಂಗಸರ ಗತಿಯೇನು? ಆರೋಗ್ಯ ಕೇಂದ್ರ ಕಟ್ಟಿದರೆ ಬಳಸಿದ ಸೂಜಿಗಳನ್ನು ಎಲ್ಲಿ ಹೂಳುತ್ತಾರೆ? ನೀರಾವರಿ ಬಂದರೆ ಅದರ ಹಿಂದೆಯೇ ಬರುವ ಕೀಟನಾಶಕವನ್ನು ಹೇಗೆ ಹಿಡಿತದಲ್ಲಿಡುವುದು? ಇವುಗಳಲ್ಲಿ ಒಂದಕ್ಕಾದರೂ ವಿಜ್ಞಾನಿ ಬೇಕಿಲ್ಲ. ಊರಿನ ಒಬ್ಬ ಕುರಿಗಾಹಿ, ಒಬ್ಬ ಸೂಲಗಿತ್ತಿ ಉತ್ತರ ಹೇಳಬಲ್ಲರು. 1980ರ ದಶಕದ ಬದುಗಳಿಗೂ, 1990ರ ದಶಕದ ಅಣೆಕಟ್ಟುಗಳಿಗೂ ಕೇಳದೆ ಹೋದದ್ದು ಇವೇ ಪ್ರಶ್ನೆಗಳನ್ನು.

ಫಲ ಸಿಕ್ಕಿತೇ? ಅನೇಕ ಕಡೆ ಸಿಕ್ಕಿತು. ಮೇವು ನಿಲ್ಲಿಸಿದ ಗುಡ್ಡಗಳಲ್ಲಿ ಹುಲ್ಲು ಬಂತು, ಬತ್ತಿದ ಒರತೆಗಳು ಮತ್ತೆ ಒಸರಿದವು. ತಿಗ್ರೈಯ ಅಬ್ರೆಹಾ ವೆ ಅತ್ಸ್ಬೆಹಾ ಎಂಬ ಹಳ್ಳಿಯ ನೆಲ ಎಷ್ಟು ಹಾಳಾಗಿತ್ತೆಂದರೆ ಊರನ್ನೇ ಬೇರೆಡೆಗೆ ಸಾಗಿಸುವ ಮಾತು ನಡೆದಿತ್ತು. ಆ ಹಳ್ಳಿಯವರು ತಾವೇ ಮೇವಿನ ಕಟ್ಟಳೆ ಮಾಡಿಕೊಂಡು, ಹಳ್ಳಗಳಿಗೆ ತಡೆ ಹಾಕಿ, ಅಂತರ್ಜಲ ಮೇಲೆ ತಂದರು. 2012ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಸಂದಿತು. ಹಿಂದೆ ಬೇರೆಡೆ ಜನ ಬದು ಒಡೆದಿದ್ದರು, ಇಲ್ಲಿಯವರು ಕಾಪಾಡಿದರು. ವ್ಯತ್ಯಾಸ ಇಷ್ಟೇ, ಇಲ್ಲಿ ಕಟ್ಟಳೆ ಅವರದೇ ಆಗಿತ್ತು.

ಆದರೆ ನಮೂನೆ ತುಂಬಿದಲ್ಲೆಲ್ಲ ಹೀಗಾಗಲಿಲ್ಲ ಎಂಬುದನ್ನೂ ಹೇಳಬೇಕು. ಕಾಗದದಲ್ಲಿ ತಪಾಸಣೆ ನಡೆದಷ್ಟು ಕಡೆ ನೆಲದ ಮೇಲೆ ತಿದ್ದುಪಡಿ ನಡೆಯಲಿಲ್ಲ. ಮೋರಿ ಬೇಕೆಂದು ಬರೆದಿರುತ್ತದೆ, ಸಿಮೆಂಟಿಗೆ ದುಡ್ಡಿರುವುದಿಲ್ಲ. ಬೇಲಿ ಬೇಕೆಂದು ಬರೆದಿರುತ್ತದೆ, ಬೇಲಿಯ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನಮೂನೆ ತುಂಬುವ ಹುಡುಗ ಕಾಲೇಜು ಮುಗಿಸಿ ಆಗಷ್ಟೇ ಬಂದವನು. ಬೀಜ, ಗೊಬ್ಬರ, ಸಾಲ, ಸಭೆ ಎಲ್ಲವೂ ಅವನ ತಲೆಯ ಮೇಲೆ. ನೂರು ನಮೂನೆಗಳಿಗೆ ಮೇಜಿನ ಮುಂದೆ ಕುಳಿತು ‘ತೊಂದರೆ ಇಲ್ಲ’ ಎಂದು ಗುರುತು ಹಾಕುವುದಕ್ಕೂ, ಗುಡ್ಡ ಹತ್ತಿ ಕುರಿಗಾಹಿಯನ್ನು ಕೇಳಿ ಅದೇ ಗುರುತು ಹಾಕುವುದಕ್ಕೂ ಕಾಗದದ ಮೇಲೆ ಏನೂ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಪಂಚಾಯತಿಗಳ ಗ್ರಾಮಸಭೆಯ ರುಜು ಪುಸ್ತಕಗಳನ್ನು ಕಂಡವರಿಗೆ ಇದು ಹೊಸ ಸಂಗತಿಯೇನಲ್ಲ.

ಪ್ರಶ್ನೆ ಕೇಳುವವರು ಇನ್ನು ಯಾರು?

2020ರ ನವೆಂಬರದಿಂದ ಎರಡು ವರ್ಷ ತಿಗ್ರೈಯಲ್ಲಿ ಯುದ್ಧ ನಡೆಯಿತು. ಹಸಿವೇ ಅಲ್ಲಿ ಆಯುಧವಾಯಿತೆಂಬ ಗಂಭೀರ ಆರೋಪಗಳು ಬಂದವು. ಸೌದೆಗೆ ದಾರಿಯಿಲ್ಲದ ಜನ ಮತ್ತೆ ಬೆಟ್ಟದ ಮರಗಳಿಗೆ ಕೊಡಲಿ ಹಾಕಬೇಕಾಯಿತು. 2023ರ ಜೂನಿನಲ್ಲಿ ಧಾನ್ಯ ದುರುಪಯೋಗವಾಗುತ್ತಿದೆ ಎಂದು ಅಮೆರಿಕವೂ ವಿಶ್ವ ಆಹಾರ ಕಾರ್ಯಕ್ರಮವೂ ದೇಶಕ್ಕೆಲ್ಲ ಆಹಾರ ನೆರವು ನಿಲ್ಲಿಸಿ, ತಿಂಗಳುಗಳ ನಂತರ ಮತ್ತೆ ಆರಂಭಿಸಿದವು. 2025ರಲ್ಲಿ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಲಾಯಿತು. ಕಾಳು ಕೊಡುವ ಕೈಯೇ ಹಿಂದೆ ಸರಿದ ಮೇಲೆ, ಅದರೊಂದಿಗೆ ಬಂದ ಪ್ರಶ್ನೆ ಕೇಳುವ ಅಭ್ಯಾಸವೂ ಹೋಗಬಹುದೆಂಬ ಆತಂಕ ಸಹಜ. ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಮೋರಿಗೆ, ಬೇಲಿಗೆ, ತಪಾಸಣೆಗೆ.

ಆದರೆ ಆ ಪ್ರಶ್ನೆಗಳು ಅಮೆರಿಕದವಲ್ಲ. ‘ಈ ನೀರು ಯಾರ ಹೊಲ ಕೊರೆಯುತ್ತದೆ’ ಎಂದು ಕೇಳಲು ವಾಷಿಂಗ್ಟನ್ನಿನ ನಿಯಮ ಬೇಕಿಲ್ಲ. ಹೊರಗಿನವರ ಒತ್ತಾಯಕ್ಕೆ ನಮೂನೆ ತುಂಬಿದ ಕೆಬೆಲೆಗಳು ಒತ್ತಾಯ ಹೋದೊಡನೆ ಅದನ್ನು ಮರೆಯುತ್ತವೆ. ತಮ್ಮ ಕಟ್ಟಳೆಯನ್ನು ತಾವೇ ಮಾಡಿಕೊಂಡ ಹಳ್ಳಿಗಳು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ಹಸಿದವನಿಗೆ ಬೇಡ ಎನ್ನುವ ಶಕ್ತಿ ಇರುವುದಿಲ್ಲವಾದ್ದರಿಂದಲೇ ಅವನ ಪರವಾಗಿ ಯಾರಾದರೂ ಮುಂಚಿತವಾಗಿ ಕೇಳಬೇಕಾಗುತ್ತದೆ. ಪರಿಸರ ನಿಯಮ ಎಂದರೆ ಅಷ್ಟೇ. ಹಾಗೆ ಕೇಳುವವನು ಮೊದಲು ಅವನನ್ನೇ ಕೇಳಬೇಕು. ಮುಂದಿನ ವರ್ಷವೂ ಅದೇ ನೆಲದಲ್ಲಿ ಉತ್ತು ಬಿತ್ತಿ ಉಣ್ಣಬೇಕಾದವನು ಅವನೇ.